ಸುಗಂಧಕ್ಕನ ದನಿಯ ನೆರಳು

ನಮ್ಮ ಊರಿಗೆ ಅಪ್‌ಡೇಟ್ ಬರುವುದು ಮಧ್ಯಾಹ್ನ, ಊಟವಾಗಿ ಪಾತ್ರೆ ತೊಳೆದಿಡುವ ಹೊತ್ತಿಗೆ. ಊರಿನ ಮೂಡಣ ಕೊನೆಯಲ್ಲಿರುವ ಮನೆಯ ಕಂಪ್ಯೂಟರಿನ ಪರದೆ ಮೊದಲು ಬೆಳ್ಳಗಾಗುತ್ತದೆ. ಆ ಬಿಳುಪು ಪರದೆಯಲ್ಲೇ ನಿಲ್ಲುವುದಿಲ್ಲ. ಗೋಡೆಗೆ ಇಳಿದು, ನೆಲಕ್ಕೆ ಹರಡಿ, ಹೊಸ್ತಿಲು ದಾಟಿ, ಉಕ್ಕಿದ ಹಾಲಿನ ಹಾಗೆ ಮೆಲ್ಲಗೆ ಪಕ್ಕದ ಮನೆಗೆ ಹರಿಯುತ್ತದೆ. ಹೀಗೆ ಓಣಿಯಿಂದ ಓಣಿಗೆ ಹೋಗಿ ಪಡುವಣದ ಹಳ್ಳದ ದಂಡೆಯಲ್ಲಿ ಇಂಗಿಹೋಗುತ್ತದೆ. ಅಷ್ಟು ಹೊತ್ತೂ ಜನ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಾರೆ. ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಚುರುಮುರಿ ಡಬ್ಬಿ ಕೈಯಿಂದ ಕೈಗೆ ದಾಟಿಸುತ್ತ, ತಮ್ಮ ತಮ್ಮ ಮನೆಯ ಕಿಟಕಿಗಳಲ್ಲಿ ಬೆಳಕು ಓಡಾಡುವುದನ್ನು ನೋಡುತ್ತಾರೆ. ಬೆಳಕು ಒಳಗಿರುವಾಗ ಮನುಷ್ಯರು ಒಳಗಿರಬಾರದು, ಕರೆಂಟು ತೆಗೆಯಬಾರದು. ಇಷ್ಟೇ ನಮ್ಮೂರಿನ ನಿಯಮ.

ಅದು ಹೋದ ಮೇಲೆ ಒಳಗೆ ಕಾಲಿಟ್ಟರೆ ಕಿರುಗುಡುತ್ತಿದ್ದ ಬಾಗಿಲು ಕಿರುಗುಡುವುದಿಲ್ಲ. ಸೋರುವ ನಲ್ಲಿ ಸೋರುವುದಿಲ್ಲ. ಹಿಂದೆ ಬಿದ್ದಿದ್ದ ಗಡಿಯಾರ ತಾನಾಗಿ ಮುಂದೆ ಬಂದಿರುತ್ತದೆ. ಗೋಡೆಯ ಬಿರುಕು, ಗಾಯ ಮಾಯ್ದ ಚರ್ಮದ ಹಾಗೆ, ತೆಳ್ಳಗೆ ಕೂಡಿಕೊಂಡಿರುತ್ತದೆ. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಇನ್ನೂ ಮೈ ಜುಮ್ ಅನ್ನುತ್ತದೆ.

ಆದರೆ ಎಲ್ಲರ ಮನೆಗೂ ಅದು ಸುಖವಾಗಿ ಬರುವುದಿಲ್ಲ. ಪ್ರತಿ ಸಲವೂ ಕೆಲವು ಮನೆಗಳಲ್ಲಿ ಏನಾದರೊಂದು ಕೆಡುತ್ತದೆ. ಅಂಥವರು ಬರುವುದು ದಸ್ತಗೀರ್ ಮಿಸ್ತ್ರಿಯ ಅಂಗಡಿಗೆ. ಅಲ್ಲಿ ನಾನು ಕೆಲಸಕ್ಕಿದ್ದೇನೆ. ವೈರು ಸುತ್ತುವುದು, ಸ್ಕ್ರೂಗಳನ್ನು ಆರಿಸಿಡುವುದು, ಚೀಲ ಹೊತ್ತು ಅವರ ಹಿಂದೆ ಹೋಗುವುದು. ಶಾಲೆಯನ್ನು ನಾನು ಬೇಗ ಬಿಟ್ಟೆ. ಹೊಲದ ಕೆಲಸಕ್ಕಾಗಿ ಅಲ್ಲ, ಬಡತನಕ್ಕೂ ಅಲ್ಲ. ಎದ್ದು ನಿಂತು ಓದು ಅಂದಾಗಲೆಲ್ಲ ನನ್ನ ಗಂಟಲು ಕಟ್ಟಿಬಿಡುತ್ತಿತ್ತು. ಮಿಸ್ತ್ರಿಯ ಅಂಗಡಿಯಲ್ಲಿ ಯಾರೂ ಓದು ಅನ್ನುವುದಿಲ್ಲ. ಅವರನ್ನು ನಾನು ಚಾಚಾ ಅನ್ನುತ್ತೇನೆ. ಇಡೀ ದಿನ ಅವರೇ ಮಾತಾಡುತ್ತಾರೆ, ನಾನು ನೋಡುತ್ತಿರುತ್ತೇನೆ. ಇಬ್ಬರಿಗೂ ಅದು ಹೊಂದಿಕೊಂಡಿದೆ.

ನೋಡಿದ್ದು ಒಂದೆರಡಲ್ಲ. ಅಡತಿ ಅಂಗಡಿಯ ಶಿವಲಿಂಗಪ್ಪನ ಮನೆಯಲ್ಲಿ ಅಟ್ಟದಿಂದ ಮಂಚದ ಅಡಿಯವರೆಗೆ ಹಳೆಯ ಸಾಮಾನು ತುಂಬಿ, ಹೊಸದು ಬಂದು ಕೂರಲು ಜಾಗವೇ ಇರಲಿಲ್ಲ. ಬೆಳಕು ಅಡುಗೆಮನೆಯವರೆಗೆ ಬಂದು ಅಲ್ಲೇ ನಿಂತುಬಿಟ್ಟಿತು. ಈಗಲೂ ಅವರ ಅಡುಗೆಮನೆ ಹೊಸದು, ಪಡಸಾಲೆ ಹಳೆಯದು. ಪಡಸಾಲೆಯಲ್ಲಿ ದೀಪ ಹಚ್ಚು ಅಂದರೆ ಅಡುಗೆಮನೆಯಲ್ಲಿ ನೀರು ಬರುತ್ತದೆ. ಇನ್ನೊಬ್ಬಳು, ಧಾರಾವಾಹಿ ತಪ್ಪಿಹೋಗುತ್ತದೆ ಅಂತ ನಡುವೆ ಕರೆಂಟು ತೆಗೆದಳು. ಅವಳ ಮನೆಯ ಮಾಳಿಗೆ ಮೆಟ್ಟಿಲು ಅರ್ಧಕ್ಕೇ ನಿಂತಿದೆ. ಮೇಲೆ ಒಣಹಾಕಿದ ಹಪ್ಪಳ ಮೇಲೆಯೇ ಉಳಿಯಿತು. ಮತ್ತೊಬ್ಬರು ಯಾವುದೋ ದೂರದ ಸಂತೆಯಿಂದ ತಂದ ಗಿರಣಿಯನ್ನು ಹೊಸ ವ್ಯವಸ್ಥೆ ಗುರುತೇ ಹಿಡಿಯಲಿಲ್ಲ. ಗಿರಣಿ ಕಣ್ಣೆದುರಿಗಿದ್ದರೂ ಮನೆ ಅದನ್ನು ಇಲ್ಲ ಅನ್ನುತ್ತಿತ್ತು.

"ಚಾಚಾ, ಎಲ್ಲಾರ ಮನೀಗೂ ಅದ ಬೆಳಕು. ಕೆಲವರಿಗಷ್ಟ ಯಾಕ ತ್ರಾಸು?" ಅಂತ ಒಮ್ಮೆ ಕೇಳಿದ್ದೆ. ಚಾಚಾ ಬಾಯಲ್ಲಿ ಕಚ್ಚಿದ್ದ ಸ್ಕ್ರೂ ತೆಗೆದು ಯೋಚಿಸಿದರು.

"ಅಪ್‌ಡೇಟ್ ತಯಾರ ಮಾಡಾವರ ಕಣ್ಣಮುಂದ ಒಂದು ಮನಿ ಇರತೈತಿ ಯವ್ವಾ. ಯಾರೂ ಬಾಳ್ವೆ ಮಾಡಿರದ ಮನಿ. ಮಳಿ ಹೊಡದಿಲ್ಲ, ಕೂಸು ಗೋಡಿಗೆ ಗೀಚಿಲ್ಲ, ಸೊಸಿ ಬಂದು ಒಲಿ ಜಾಗಾ ಬದಲಿ ಮಾಡಿಲ್ಲ. ಅಂಥಾ ಮನೀಗೆ ಅದು ಬರೋಬ್ಬರಿ ಕೂಡತೈತಿ. ನಮ್ಮ ಮನಿಗಳು ಹಂಗ ಎಲ್ಲಿ ಅದಾವ? ಒಬ್ಬಾವ ಬಾಗಿಲಕ್ಕ ಕಟಗಿ ಚಕ್ಕಿ ಕೊಟ್ಟಾನ, ಇನ್ನೊಬ್ಬಾವ ಕಿಟಕಿಗೆ ದಾರ ಕಟ್ಟ್ಯಾನ. ಅಂಥಾದ್ದು ಅವರಿಗೆ ಹ್ಯಾಂಗ ಗೊತ್ತಾಗಬೇಕು?"

ಅವತ್ತು ಆ ಮಾತು ನನಗೆ ಅರ್ಧ ಮಾತ್ರ ತಿಳಿಯಿತು. ಉಳಿದರ್ಧ ತಿಳಿದದ್ದು ಸುಗಂಧಕ್ಕನ ಮನೆಯಲ್ಲಿ.

ಸುಗಂಧಕ್ಕ ನಮ್ಮೂರಿನ ದನಿ. ಊರ ನಡುವಿನ ಎತ್ತರದ ಮನೆ ಅವಳದು. ಅದರ ಮುಂದಿನ ಕೋಣೆಯಲ್ಲಿ ಮೈಕು ಇದೆ, ಮಾಳಿಗೆಯ ಮೇಲೆ ನಾಲ್ಕು ದಿಕ್ಕಿಗೂ ಲೌಡ್‌ಸ್ಪೀಕರುಗಳಿವೆ. ಮೊದಲು ಅವಳ ಸೋದರತ್ತೆ ಹೇಳುತ್ತಿದ್ದಳಂತೆ, ಆಮೇಲೆ ಇವಳು. ದಿನಾ ಸಂಜೆ ಬಿಸಿಲು ಕೆಂಪಾಗುವ ಹೊತ್ತಿಗೆ ಆ ದನಿ ಊರ ಮೇಲೆ ಹರಡುತ್ತದೆ. ಯಾವ ಬಸ್ಸು ತಡ, ಕಾಲುವೆಯ ನೀರು ಇವತ್ತು ಯಾರ ಹೊಲದ ಕಡೆಗೆ, ಯಾರ ಕರು ಯಾರ ಹಿತ್ತಲಲ್ಲಿ ಸಿಕ್ಕಿದೆ. ಹೊಲದಲ್ಲಿದ್ದವರು ಅದನ್ನು ಕೇಳಿ ಕುಡುಗೋಲು ಒರೆಸಿಕೊಳ್ಳುತ್ತಾರೆ. ತಿಳಿ ನೀರಿನಂಥ ದನಿ, ಎಲ್ಲೂ ತಡೆಯಿಲ್ಲ. ಆದರೆ ಓಣಿಯಲ್ಲಿ ಎದುರಾದರೆ ಸುಗಂಧಕ್ಕ ತಲೆ ಅಲ್ಲಾಡಿಸುತ್ತಾಳೆ, ನಗುತ್ತಾಳೆ, ಅಷ್ಟೇ. ಅಂಗಡಿಯಲ್ಲಿ ಸಾಮಾನಿಗೆ ಬೆರಳು ತೋರಿಸುತ್ತಾಳೆ. ಕೆಲವರು ಸೊಕ್ಕು ಅನ್ನುತ್ತಿದ್ದರು. ಕೆಲವರು, ಸಂಜೆ ಅಷ್ಟು ಮಾತಾಡಿ ಬೇಸತ್ತಿರುತ್ತಾಳೆ ಬಿಡು ಅನ್ನುತ್ತಿದ್ದರು.

ಆ ಸಲದ ಅಪ್‌ಡೇಟ್ ಹಳ್ಳಕ್ಕೆ ಇಳಿದ ಸ್ವಲ್ಪ ಹೊತ್ತಿಗೆ ಸುಗಂಧಕ್ಕ ತಾನೇ ಅಂಗಡಿಗೆ ಬಂದಳು. ಚಪ್ಪಲಿ ಇರಲಿಲ್ಲ. ಬಾಗಿಲಲ್ಲಿ ನಿಂತು ತನ್ನ ಗಂಟಲು ಮುಟ್ಟಿಕೊಂಡಳು, ಆಮೇಲೆ ಮನೆಯ ಕಡೆ ಕೈ ತೋರಿಸಿದಳು. ಚಾಚಾ, "ಏನಾತ್ರಿ ಅಕ್ಕಾರ?" ಅಂದರು. ಅವಳು ಬಾಯಿ ತೆರೆದಳು. "ಮ... ಮ... ಮ..." ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಿ, ಮುಷ್ಟಿಯಿಂದ ತೊಡೆಗೆ ಗುದ್ದಿಕೊಂಡಳು. ಆದರೂ ಆ ಮಾತು ಹೊರಗೆ ಬರಲಿಲ್ಲ. ನಾನು ಅತ್ತ ನೋಡಲಾರದೆ ಕೈಯಲ್ಲಿದ್ದ ವೈರಿನ ಕಡೆ ನೋಡಿದೆ. ಇಷ್ಟು ವರ್ಷ ಊರಿಗೆಲ್ಲ ಮಾತು ಹೇಳಿದವಳು ಓಣಿಯಲ್ಲಿ ಯಾಕೆ ಮಾತಾಡುತ್ತಿರಲಿಲ್ಲ ಅನ್ನುವುದು ಆಗ ಹೊಳೆಯಿತು. ದಿನದಲ್ಲಿ ಅವಳಿಗೆ ಮಾತು ಬರುತ್ತಿದ್ದದ್ದು ಆ ಒಂದು ಕೋಣೆಯಲ್ಲಿ, ಆ ಒಂದು ಹೊತ್ತಿಗೆ ಮಾತ್ರ. ಇವತ್ತು ಅಲ್ಲಿಯೂ ಹೋಗಿತ್ತು.

ನಾವು ಹೋದೆವು. ಕೋಣೆ ಸುಣ್ಣ ಬಳಿದ ಹಾಗೆ ಹೊಳೆಯುತ್ತಿತ್ತು. ಚಾಚಾ ಕಂಪ್ಯೂಟರ್ ನೋಡಿದರು, ಮೈಕು ಬಿಚ್ಚಿ ನೋಡಿದರು, ಮಾಳಿಗೆ ಹತ್ತಿ ಬಂದರು.

"ಎಲ್ಲಾ ಸರಿ ಐತ್ರಿ ಅಕ್ಕಾರ," ಅಂದರು. "ಮೊದಲಿಗಿಂತ ಚೊಲೋ ಆಗೇತಿ. ತಪ್ಪು ಹುಡುಕೇನಂದ್ರೂ ಸಿಗವಲ್ದು."

ಸುಗಂಧಕ್ಕ ತಲೆ ಅಲ್ಲಾಡಿಸಿ ಗೋಡೆಗೆ ಒರಗಿ ಕೂತಳು.

ಆ ಹೊತ್ತಿಗೆ ಊರ ಕಮಿಟಿಯ ಮಹಾರುದ್ರಪ್ಪ ಬಾಗಿಲಿಗೆ ಬಂದ. ಊರಿನಲ್ಲಿ ನೀರು, ದೀಪ, ಮೈಕು ಎಲ್ಲ ಅವನ ಉಸ್ತುವಾರಿ. ಕೆಟ್ಟ ಮನುಷ್ಯ ಅಲ್ಲ, ಆದರೆ ನಗೆಯಾಡದೆ ಅವನಿಗೆ ಮಾತಾಡಲು ಬರುವುದಿಲ್ಲ.

"ಏನ ಮಿಸ್ತ್ರಿ, ಸರಿ ಇದ್ದದ್ದನ್ನ ಕೆಡಸಾಕ ಬಂದಿ ಏನು?"

"ಸರಿ ಇದ್ದದ್ದ ತ್ರಾಸು ಆಗೇತಿ ಸಾವ್ಕಾರ," ಅಂದರು ಚಾಚಾ.

ಸುಗಂಧಕ್ಕನ ಮುಖ ನೋಡಿ ಅವನ ನಗೆ ಸ್ವಲ್ಪ ಇಳಿಯಿತು. ಚಾಚಾ ಮೆಲ್ಲಗೆ ಸಂಗತಿ ಹೇಳಿದರು. ಮಹಾರುದ್ರಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ.

"ತಂಗೀ, ನೋಡು," ಅಂದ. "ಈ ಸಲದ ಹೊಸಾದ್ರಾಗ ಅದಕ್ಕೂ ಒಂದು ದನಿ ಬಂದೈತಿ. ತಾನ ಓದತೈತಿ, ತಾನ ಹೇಳತೈತಿ. ಅದಕ್ಕ ನೆಗಡಿ ಬರೂದಿಲ್ಲ, ಪಂಚಮಿಗೆ ತವರಿಗೆ ಹೋಗೂದಿಲ್ಲ. ಆದ್ರೂ ನಾನು ಕಮಿಟಿಯವರಿಗೆ ಬ್ಯಾಡಂದೆ. ನಮ್ಮ ಸುಗಂಧಾ ಇರೋತನಕ ಅದು ಯಾಕ ಬೇಕು ಅಂದೆ. ಈಗ ಏನ ಹೇಳ್ಲಿ? ಇವತ್ತ ಸಂಜೀಗೆ ಮೈಕು ಸುಮ್ಮನಿದ್ರ ನಾಳೆಯಿಂದ ಅದನ್ನ ಚಾಲೂ ಮಾಡಬೇಕಾಗತೈತಿ. ಒಮ್ಮೆ ಅದು ಕೂತ್ರ ಏಳೂದಿಲ್ಲ, ನಿನಗೂ ಗೊತ್ತೈತಿ."

ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಸುಗಂಧಕ್ಕ ಅಳಲಿಲ್ಲ. ಬರಿದೆ ಮೈಕನ್ನು ನೋಡುತ್ತಿದ್ದಳು, ತಮ್ಮನ್ನು ಹತ್ತಿಸಿಕೊಳ್ಳದೆ ಹೋದ ಬಸ್ಸನ್ನು ನೋಡುವವರ ಹಾಗೆ.

ನಾನು ಮೂಲೆಯಲ್ಲಿ ವೈರು ಸುತ್ತುತ್ತಿದ್ದೆ. ಚಾಚಾ ಪರೀಕ್ಷೆಗೆ ಅಂತ ಮೈಕು ಚಾಲೂ ಮಾಡಿ, "ಹಲೋ, ಹಲೋ," ಅಂದರು. ಆ ಹಲೋ ಕಿಟಕಿಯಾಚೆ ಊರಿನ ಮೇಲೆ ಹೋಯಿತು. ಕೋಣೆ ಸುಮ್ಮನಿತ್ತು. ನನಗೆ ಏನೋ ಕಡಿಮೆಯಾದ ಹಾಗೆ ಅನ್ನಿಸಿತು. ಕಳೆದ ಚಳಿಗಾಲದಲ್ಲಿ ಸ್ವಿಚ್ಚು ಬದಲಿಸಲು ಇಲ್ಲಿಗೆ ಬಂದಿದ್ದೆವು. ಆಗ ಮೈಕು ಚಾಲೂ ಇದ್ದದ್ದು ತಿಳಿಯದೆ ನಾನು, ಅಕ್ಕಾ ನೀರು ಕೊಡ್ರಿ, ಅಂದಿದ್ದೆ. ಗೋಡೆಯಲ್ಲಿದ್ದ ಹಳೆಯ ಸ್ಪೀಕರಿನ ಮರದ ಪೆಟ್ಟಿಗೆಯೊಳಗಿಂದ, ರೆಪ್ಪೆ ಬಡಿಯುವಷ್ಟು ತಡವಾಗಿ, ನನ್ನದೇ ದನಿ ಅಕ್ಕಾ ನೀರು ಕೊಡ್ರಿ ಅಂದಿತ್ತು. ನಾಚಿಕೆಯಿಂದ ಸತ್ತೇ ಹೋದೆ. ತಂದ ನೀರನ್ನು ಕುಡಿಯಲೂ ಇಲ್ಲ.

"ಚಾಚಾ," ಅಂದೆ, ಅವರ ಕಿವಿಯ ಹತ್ತಿರ ಹೋಗಿ. "ಆ ಪೆಟಿಗಿ ಈಗ ತಿರುಗಿ ಮಾತಾಡವಲ್ದು."

ಚಾಚಾನ ಕೈ ಹಾಗೇ ನಿಂತಿತು. ಪೆಟ್ಟಿಗೆ ನೋಡಿದರು, ಸುಗಂಧಕ್ಕನನ್ನು ನೋಡಿದರು. ಆಮೇಲೆ ನೆಲದ ಮೇಲೆ ಕೂತುಬಿಟ್ಟರು.

"ಯಾ ಅಲ್ಲಾ," ಅಂದರು ಮೆಲ್ಲಗೆ. "ಅಕ್ಕಾರ, ಆ ದನಿ ತಿರುಗಿ ಬರೂ ದೋಷ ಐತಲ್ಲ, ತಗದ ಕೊಡತೀನಿ ಅಂತ ನಾನು ಬಂದಾಗೆಲ್ಲ ಅಂದೆ. ನೀವು ಕೈ ಮಾಡಿ ಬ್ಯಾಡಂತಿದ್ರಿ. ರೊಕ್ಕಾ ಉಳಸಾಕ ಅಂತ ನಾ ತಿಳಕೊಂಡಿದ್ದೆ."

ಸುಗಂಧಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು. ಆಮೇಲೆ ಕೈ ತೆಗೆದು, ತೋರುಬೆರಳಿನ ಹಿಂದೆ ಇನ್ನೊಂದು ಬೆರಳನ್ನು ನಡೆಸಿ ತೋರಿಸಿದಳು. ಒಂದು ಮುಂದೆ ಹೋಗುತ್ತದೆ, ಒಂದು ಹಿಂದೆ ಬರುತ್ತದೆ. ಬಹಳ ಕಷ್ಟಪಟ್ಟು ಒಂದೇ ಮಾತು ಹೇಳಿದಳು. "ನೆ... ನೆ... ನೆಳ್ಳು."

ಆಗ ನನಗೆ ಚಾಚಾ ಹಿಂದೆ ಹೇಳಿದ ಮಾತಿನ ಉಳಿದರ್ಧ ತಿಳಿಯಿತು. ಆ ಬೆಳಕು ಈ ಕೋಣೆಗೆ ಬಂದು ಎಲ್ಲವನ್ನೂ ನೋಡಿತ್ತು. ಒಂದು ಹಳೆಯ ದೋಷ ಕಂಡಿತ್ತು, ಅದನ್ನು ಅಕ್ಕರೆಯಿಂದಲೇ ಒರೆಸಿಹಾಕಿತ್ತು. ಆ ದೋಷದ ಮೇಲೆ ಒಬ್ಬಳು ಹೆಂಗಸು ನಿಂತಿದ್ದಾಳೆ ಅನ್ನುವುದು ಅದಕ್ಕೆ ಕಾಣಲಿಲ್ಲ. ತನ್ನ ಮಾತಿನ ಹಿಂದೆ ತನ್ನದೇ ಮಾತು ನಡೆದು ಬರುತ್ತಿದ್ದರೆ ಅವಳ ನಾಲಿಗೆಗೆ ಧೈರ್ಯ ಬರುತ್ತಿತ್ತು. ಯಾಕೆ ಹಾಗೆ ಅಂತ ನನಗೆ ಗೊತ್ತಿಲ್ಲ. ಕತ್ತಲ ದಾರಿಯಲ್ಲಿ ಹಿಂದೆ ಯಾರೋ ಗೊತ್ತಿದ್ದವರು ಬರುತ್ತಿದ್ದಾರೆ ಅಂದರೆ ಕಾಲು ತಡವರಿಸುವುದಿಲ್ಲವಲ್ಲ, ಹಾಗಿರಬಹುದು.

"ನಾನ ಹಾಕತೀನಿ ಆ ದೋಷಾನ," ಅಂತ ಚಾಚಾ ಎದ್ದರು. "ಜೀವಮಾನ ಎಲ್ಲಾ ತಗದದ್ದ ಬಂತು, ಇವತ್ತ ಹಾಕಿ ನೋಡೋಣ."

ಹಳೆಯ ಪೆಟ್ಟಿಗೆಗೆ ಬೇರೆ ವೈರು ಎಳೆದರು. ನಡುವೆ ಅಂಗಡಿಯಿಂದ ತಂದ ಹಳೆಯ ಯಂತ್ರವೊಂದನ್ನು ಸೇರಿಸಿದರು. ಸುಗಂಧಕ್ಕ ಎದ್ದು ಬಂದು ಮೈಕಿನ ಮುಂದೆ ಕೂತಳು. ಚಾಚಾ ಸ್ವಿಚ್ಚು ಒತ್ತಿದರು. "ನಮಸ್ಕಾರ," ಅಂದಳು. ಪೆಟ್ಟಿಗೆ ಹಿಂದಿನಿಂದ ನಮಸ್ಕಾರ ಅಂದಿತು. ಅವಳ ಮುಖ ಅರಳಿತು. ಆದರೆ ಅಷ್ಟರಲ್ಲೇ ಪರದೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು ಹುಟ್ಟಿತು. ಇಳಿದು ಬಂತು. ವೈರಿನ ಮೇಲೆ ಇರುವೆಯ ಹಾಗೆ ಹರಿದು ಪೆಟ್ಟಿಗೆಯವರೆಗೆ ಹೋಯಿತು, ಅಲ್ಲಿ ಒಂದು ಕ್ಷಣ ತಡೆದು ಆರಿಹೋಯಿತು. ಪೆಟ್ಟಿಗೆ ಸುಮ್ಮನಾಯಿತು. ಚಾಚಾ ಮತ್ತೆ ಬಿಚ್ಚಿ ಬೇರೆ ಕಡೆಯಿಂದ ಎಳೆದರು. ಮತ್ತೆ ಆ ಬಿಳಿ ಕಾಳು ಬಂತು, ಮತ್ತೆ ಸರಿ ಮಾಡಿ ಹೋಯಿತು. ಸಿಟ್ಟಿಲ್ಲ, ಅವಸರವಿಲ್ಲ. ಅಷ್ಟು ಪುಟ್ಟದು, ಅಷ್ಟು ತಾಳ್ಮೆಯದು.

"ಇದು ಬಿಡೂ ಪೈಕಿ ಅಲ್ಲ," ಅಂದರು ಚಾಚಾ, ಬೆವರು ಒರೆಸಿಕೊಳ್ಳುತ್ತ. "ಯಂತ್ರದಾಗ ಏನ ಹಾಕಿದ್ರೂ ಬಂದು ತಿದ್ದತೈತಿ."

ಹೊರಗೆ ಬಿಸಿಲು ಕೆಂಪಾಗುತ್ತಿತ್ತು. ಓಣಿಯಲ್ಲಿ ಜನ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಸುದ್ದಿ ಹಬ್ಬಿರಬೇಕು. ಮಹಾರುದ್ರಪ್ಪ ಒಳಗೆ ಇಣುಕಿ ಹಿಂದೆ ಸರಿದ.

ಸುಗಂಧಕ್ಕ ಮೈಕು ಬಂದ್ ಇಟ್ಟೇ ಒಮ್ಮೆ ಪ್ರಯತ್ನ ಮಾಡಿದಳು. "ಇ... ಇ... ಇವ..." ಅಂದಳು. ನಿಂತಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಅವಳು ಯಾವ ಮಾತಿಗೆ ಹೊರಟಿದ್ದಾಳೆ ಅಂತ ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ದಿನಾ ಸಂಜೆ, ಅಂಗಡಿ ಗುಡಿಸುವಾಗ, ರೊಟ್ಟಿ ತಟ್ಟುವಾಗ, ಆ ದನಿಯ ಹಿಂದೆ ತುಟಿ ಅಲ್ಲಾಡಿಸುವುದು ನನ್ನ ಚಾಳಿ. ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ಎಳೆಯುತ್ತಾಳೆ, ಎಲ್ಲ ನನಗೆ ಬಾಯಿಪಾಠ. ಇವತ್ತೂ ತುಟಿ ತಾನಾಗಿ ಅಲ್ಲಾಡಿತು. ಸ್ವಲ್ಪ ದನಿಯೂ ಹೊರಟಿತು.

"ಇವ..." ಅಂದಳು ಅವಳು.

"ಇವ..." ಅಂದೆ ನಾನು.

"ಇವತ್ತಿನ ಸುದ್ದಿ ಕೇಳ್ರಿ," ಅಂದಳು ಸುಗಂಧಕ್ಕ, ಒಂದೇ ಉಸಿರಿಗೆ. ನಾನು ಅವಳ ಹಿಂದೆ, ಕೇಳ್ರಿ, ಅಂತ ಮುಗಿಸಿದೆ.

ಚಾಚಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಸುಗಂಧಕ್ಕ ತಿರುಗಿ ನನ್ನನ್ನು ನೋಡಿದಳು. ನಾನು ಅಲ್ಲಿಂದ ಓಡಿಹೋಗಬೇಕು ಅಂದುಕೊಂಡೆ. ಬಾಗಿಲಲ್ಲಿ ಮಹಾರುದ್ರಪ್ಪ ಕೂತಿದ್ದ, ಆಚೆ ಇಡೀ ಓಣಿ ನಿಂತಿತ್ತು.

"ಚಾಚಾ, ನನಗ ಆಗೂದಿಲ್ಲ," ಅಂದೆ. "ಊರಿಗೆಲ್ಲ ಕೇಳಸತೈತಿ."

"ಕೇಳಸಲಿ ಬಿಡು. ನೀ ಊರಿಗೆ ಹೇಳಬ್ಯಾಡ. ಅಕ್ಕಾರ ಬೆನ್ನಿಗೆ ಹೇಳು," ಅಂದರು ಚಾಚಾ.

ಸುಗಂಧಕ್ಕ ತಾನು ಕೂತ ಬೆಂಚಿನ ಮೇಲೆ ಸ್ವಲ್ಪ ಸರಿದಳು. ನಾನು ಹೋಗಿ ಅವಳ ಹಿಂದೆ, ಗೋಡೆಯ ಕಡೆ ಮುಖ ಮಾಡಿ, ಬೆನ್ನಿಗೆ ಬೆನ್ನು ಹಚ್ಚಿ ಕೂತೆ. ಹಾಗಾದರೆ ಮೈಕು ಕಾಣುವುದಿಲ್ಲ, ಕಿಟಕಿಯೂ ಕಾಣುವುದಿಲ್ಲ. ಅವಳ ಬೆನ್ನಿನ ಮೂಳೆ ನನ್ನ ಬೆನ್ನಿಗೆ ತಾಗುತ್ತಿತ್ತು, ಉಸಿರು ಒಳಗೆ ಹೋದದ್ದು ತಿಳಿಯುತ್ತಿತ್ತು.

ಸ್ವಿಚ್ಚಿನ ಸಪ್ಪಳ ಕೇಳಿಸಿತು.

"ನಮಸ್ಕಾರ. ಇವತ್ತಿನ ಸುದ್ದಿ ಕೇಳ್ರಿ," ಅಂತ ಅವಳು ಹೊರಟಳು. ನಾನು ರೆಪ್ಪೆ ಬಡಿಯುವಷ್ಟು ಹಿಂದೆ ಹೊರಟೆ. ಮಾಳಿಗೆಯ ಮೇಲಿಂದ ನಮ್ಮ ಎರಡೂ ದನಿ ಒಂದರ ಹಿಂದೊಂದು ಊರಿನ ಮೇಲೆ ಹೋದದ್ದು ನನಗೆ ಕೇಳಿಸಿತು. ನನ್ನ ದನಿ ಅಷ್ಟು ದೂರ ಹೋಗಬಲ್ಲದು ಅಂತ ನನಗೆ ಗೊತ್ತೇ ಇರಲಿಲ್ಲ. ಬಡಗಣ ದಾರಿಯ ಬಸ್ಸು ಇವತ್ತು ತಡ, ನಿಂತು ಕಾಯಬ್ಯಾಡ್ರಿ. ಕಾಲುವೆ ನೀರು ಕೆಳಗಿನ ಹೊಲಗಳಿಗೆ ಬಿಟ್ಟೈತಿ, ಹಳ್ಳದಾಗ ಬಟ್ಟಿ ಒಗೆಯೋರು ಮ್ಯಾಲ ಬರ್ರಿ. ಕಿವಿ ಮೇಲೆ ಕಪ್ಪು ಮಚ್ಚೆ ಇರುವ ಆಡಿನ ಮರಿಯೊಂದು ಶಾಲೆಯ ಹತ್ತಿರ ಸಿಕ್ಕೈತಿ, ಗಣಿತದ ಹಾಳಿ ತಿಂದೈತಿ, ಯಜಮಾನರು ಬಂದು ಕರಕೊಂಡು ಹೋಗ್ರಿ. ಹೊರಗೆ ಯಾರೋ ನಕ್ಕರು. ಅಪ್‌ಡೇಟಿನಿಂದ ಯಾರ ಮನ್ಯಾಗ ತ್ರಾಸಾಗೇತಿ ಅವರು ಗಾಬರಿಯಾಗಬ್ಯಾಡ್ರಿ, ನಾಳೆ ದಸ್ತಗೀರ್ ಮಿಸ್ತ್ರಿ ಅಂಗಡಿಗೆ ಬರ್ರಿ.

ನಡುವೆ ಒಮ್ಮೆ, ಪರದೆಯ ಅಂಚಿನಲ್ಲಿ ಆ ಬಿಳಿ ಕಾಳು ಹುಟ್ಟಿದ್ದು ಗೋಡೆಯ ಹೊಳಪಿನಲ್ಲಿ ಕಂಡಿತು. ಅದು ಇಳಿದು ಮೈಕಿನ ವೈರಿನ ಮೇಲೆ ಹರಿಯಿತು, ಪೆಟ್ಟಿಗೆಯ ಕಡೆ ಹೋಗಿ ನೋಡಿತು, ಗೋಡೆ ಹಿಡಿದು ನನ್ನ ಮುಖದ ನೇರಕ್ಕೆ ಬಂದು ನಿಂತಿತು. ನಾನು ಮಾತು ನಿಲ್ಲಿಸಲಿಲ್ಲ. ಅದು ನನ್ನಲ್ಲಿ ಏನನ್ನೋ ಹುಡುಕುತ್ತಿತ್ತು. ತಿದ್ದಬೇಕಾದದ್ದು ಎಲ್ಲಿದೆ ಅಂತ ಅದಕ್ಕೆ ತಿಳಿಯಲಿಲ್ಲವೋ, ತಿಳಿದೂ ಬಿಟ್ಟಿತೋ, ಸ್ವಲ್ಪ ಹೊತ್ತು ಹಾಗೇ ಮಿನುಗಿ ಬಂದ ದಾರಿಯಲ್ಲಿ ಹೊರಟುಹೋಯಿತು. ಅದು ಹಿಂದಿರುಗಿ ಹೋದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಸುದ್ದಿ ಮುಗಿಯಿತು. ಕೊನೆಗೆ ತನ್ನ ಹೆಸರು ಹೇಳಿ ಮೈಕು ಆರಿಸುವುದು ಅವಳ ರೂಢಿ. "ಹೇಳಿದಾಕಿ ಸುಗಂಧಾ," ಅಂದಳು. ಸುಗಂಧಾ, ಅಂದೆ ನಾನೂ.

ಸ್ವಿಚ್ಚಿನ ಸಪ್ಪಳ ಕೇಳಿಸಲಿಲ್ಲ. ನಾನು ಕಾದೆ. ಬೆನ್ನಿಗೆ ತಾಗಿದ್ದ ಅವಳ ಬೆನ್ನು ಅಲ್ಲಾಡಲಿಲ್ಲ. ತಿರುಗಿ ನೋಡಿದೆ. ಅವಳು ಮೈಕನ್ನು ಎರಡೂ ಕೈಯಿಂದ ಹಿಡಿದು, ನಿನ್ನ ಹೆಸರೂ ಹೇಳು ಅನ್ನುವ ಹಾಗೆ, ನನ್ನ ಕಡೆಗೆ ತಿರುಗಿಸಿದ್ದಳು. ಕಿಟಕಿಯಾಚೆ ಮಹಾರುದ್ರಪ್ಪ ಎದ್ದು ನಿಂತಿದ್ದ. ನನ್ನ ಗಂಟಲು ಕಟ್ಟಿತು. ಬಾಯಿ ತೆರೆದೆ, ಏನೂ ಬರಲಿಲ್ಲ. ಸುಗಂಧಕ್ಕ ಅವಸರ ಮಾಡಲಿಲ್ಲ. ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರು ಊರಲ್ಲಿ ಯಾರೂ ಇರಲಿಲ್ಲ. ನನ್ನ ಕೈ ಮೇಲೆ ಕೈಯಿಟ್ಟು, ನನ್ನ ತುಟಿಯನ್ನೇ ನೋಡುತ್ತ, ಹಿಂದೆ ಬರಲು ತಯಾರಾಗಿ ಕೂತಳು.

"ಲಗಮವ್ವ," ಅಂದೆ.

"ಲಗಮವ್ವ," ಅಂದಳು ಅವಳು, ರೆಪ್ಪೆ ಬಡಿಯುವಷ್ಟು ತಡವಾಗಿ.